ಎರಡು ಬಂದೂಕಿಗೂ ಒಂದೇ ತೋಟಾ

ಶೆರಿಡನ್, ವಯೋಮಿಂಗ್
17 ಸೆಪ್ಟೆಂಬರ್ 2003

ಪ್ರೀತಿಯ ತಂಗಿ ಮೇವಿಸ್‌ಗೆ,

ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯದೆ ಕೂತಿದ್ದಕ್ಕೆ ಅಕ್ಕನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಮೈ ಆರೋಗ್ಯವಾಗಿದೆ, ಹೊಟ್ಟೆಯೊಳಗೆ ಮಾತ್ರ ಬೆಂಕಿ ಬಿದ್ದಿದೆ. ಬರೆಯಲು ಕೂತರೆ ಅದೊಂದೇ ಬಂದೀತೆಂದು ಸುಮ್ಮನಿದ್ದೆ. ಮೊಮ್ಮಗಳಿಗೆ ಹಲ್ಲು ಬಂದ ಸುದ್ದಿ ಓದಿ ಖುಷಿಯಾಯಿತು. ಕಾಡುಚೆರಿಯ ಜೆಲ್ಲಿ ಮಾಡಿಟ್ಟಿದ್ದೇನೆ, ಕಳಿಸುತ್ತೇನೆ.

ಈ ಬೇಸಿಗೆಯಲ್ಲಿ ನಮ್ಮ ಶೂಟಿಂಗ್ ಕ್ಲಬ್ಬಿಗೆ ನೆಬ್ರಾಸ್ಕಾದಿಂದ ಒಬ್ಬ ವಿಧವೆ ಬಂದು ಸೇರಿದ್ದಾಳೆ, ಕೊರಿನ್ ಅಂತ. ವಯಸ್ಸು ಐವತ್ತು ದಾಟಿದೆ, ಸೊಂಟಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಖಾಲಿ ಚಿಪ್ಪಿಗೆ ಮದ್ದು, ಗುಂಡು ಹಾಕಿ ತನ್ನ ತೋಟಾಗಳನ್ನು ತಾನೇ ತುಂಬಿಕೊಳ್ಳುತ್ತಾಳೆ. ಇಲ್ಲಿ ತುಂಬದವರು ಯಾರು? ಆದರೆ ಒಬ್ಬರ ಮನೆಯಲ್ಲಿ ತುಂಬಿದ ತೋಟಾವನ್ನು ಇನ್ನೊಬ್ಬರು ತಮ್ಮ ಬಂದೂಕಿಗೆ ಹಾಕುವುದಿಲ್ಲ. ಒಳಗೆ ಮದ್ದು ಹೆಚ್ಚೋ ಕಡಿಮೆಯೋ ಯಾರಿಗೆ ಗೊತ್ತು, ಪರರ ಕೈಗೆ ಜೀವ ಕೊಟ್ಟ ಹಾಗೆ. ಗಂಡ ಹೆಂಡತಿಯ ನಡುವೆ ಮಾತ್ರ ಅದು ನಡೆಯುತ್ತದೆ.

ಮದುವೆಯಾದಾಗಿನಿಂದ ಡ್ವೈಟ್‌ನ ತೋಟಾ ತುಂಬಿದವಳು ನಾನು. ಗ್ಯಾರೇಜಿನಲ್ಲಿ ಸೀಸ ಕರಗಿಸಿ ಗುಂಡು ಎರೆಯುವುದು, ಮದ್ದು ತೂಗುವುದು, ಚಿಪ್ಪಿಗೆ ಗುಂಡು ಕೂರಿಸಲು ಪ್ರೆಸ್ಸಿನ ಹಿಡಿ ಎಳೆಯುವುದು, ಎಲ್ಲ ನನ್ನದೇ. ಅವನ ರಿವಾಲ್ವರಿಗೂ ಕಾರ್ಬೈನಿಗೂ, ಅಂದರೆ ಆ ಗಿಡ್ಡ ರೈಫಲ್ಲಿಗೂ, ಒಂದೇ ಅಳತೆಯ ತೋಟಾ ಹಿಡಿಯುತ್ತದೆ. ಎರಡಕ್ಕೂ ಒಂದೇ ಮದ್ದು ಹೊಂದಿಸಿದ್ದೆ. ಕಾರ್ಬೈನಿನಿಂದ ಹೊಡೆದರೆ ದೂರದ ಕಬ್ಬಿಣದ ತಟ್ಟೆ ಠಣ್ಣೆನ್ನಬೇಕು, ಅಷ್ಟು ಗಟ್ಟಿ. ಇಡೀ ಕೌಂಟಿಯಲ್ಲಿ ನನ್ನ ತೋಟಾಕ್ಕೆ ಹೆಸರಿತ್ತು.

ಆಗಸ್ಟಿನ ಪಂದ್ಯದಲ್ಲಿ ಡ್ವೈಟ್ ರಿವಾಲ್ವರ್ ಖಾಲಿ ಮಾಡಿದಾಗ ಮೇಜಿನ ಮೇಲೆ ಬಿದ್ದದ್ದು ಬೆಳ್ಳಿ ಬಣ್ಣದ ಚಿಪ್ಪುಗಳು. ನಾನು ಬಳಸುವುದು ಹಳದಿ ಹಿತ್ತಾಳೆ. ಬೆಳ್ಳಿ ಬಣ್ಣದವು ಕ್ಲಬ್ಬಿನಲ್ಲಿ ಇರುವುದು ಒಬ್ಬಳ ಹತ್ತಿರ. ಅವನ ಅಂಗಿಯ ಮೇಲೆ ತುಟಿಬಣ್ಣ ಕಂಡಿದ್ದರೂ ನನಗೆ ಇಷ್ಟು ಉರಿಯುತ್ತಿರಲಿಲ್ಲ, ಮೇವಿಸ್.

ಮನೆಗೆ ಬಂದು ಕೇಳಿದೆ. ಅವಳವು ಸ್ವಲ್ಪ ಮೆತ್ತಗಿವೆ, ಒದೆತ ಕಡಿಮೆ, ಸುಮ್ಮನೆ ಹೊಡೆದು ನೋಡಿದೆ ಅಂದ. "ಮೆತ್ತಗಿರೋದೇ ಬೇಕಿದ್ರೆ ಪಂದ್ಯಕ್ಕೆ ದಿಂಬು ತಗೊಂಡ್ಹೋಗು" ಅಂದೆ. ಅವನು ಟಿವಿ ಹಾಕಿಕೊಂಡ. ಅವನಿಲ್ಲದಾಗ ಅವಳ ಒಂದು ತೋಟಾ ಕದ್ದು ಬಿಚ್ಚಿದೆ. ಮೊಟ್ಟೆಗೆ ಉಪ್ಪು ಉದುರಿಸುವಷ್ಟೂ ಮದ್ದಿರಲಿಲ್ಲ. ಕೆಲಸ ಮಾತ್ರ ಅಚ್ಚುಕಟ್ಟು. ಕನ್ನಡಕ ಬದಲಿಸಿ ಕೊಂಕು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಅಂದು ನಿದ್ದೆ ಬರುತ್ತಿತ್ತು.

ಮೊನ್ನೆ ಶನಿವಾರ ಮತ್ತೆ ಪಂದ್ಯ. ಕೊರಿನ್ ಅವನಿಗೆ ಎರಡು ಡಬ್ಬಿ ತಂದುಕೊಟ್ಟಳು, ರಿವಾಲ್ವರಿಗೆ ಮೆತ್ತನೆಯವು, ಕಾರ್ಬೈನಿಗೆ ಗಟ್ಟಿಯವು. ನನ್ನ ಕಣ್ಣೆದುರಿಗೇ, ಕೇಕು ಕೊಟ್ಟ ಹಾಗೆ. ನಾನು ಹಿಂದಿನ ಬೆಂಚಿನಲ್ಲಿ ಕೂತು, ಇವನ ಗುರಿ ಒಂದಾದರೂ ತಪ್ಪಲಿ ಅಂತ ಬೇಡಿಕೊಂಡೆ. ಡ್ವೈಟ್ ಆ ಮೆತ್ತನೆಯ ಡಬ್ಬಿಯೊಂದರಿಂದಲೇ ಎರಡೂ ಬಂದೂಕು ತುಂಬಿಕೊಂಡಿದ್ದನೆಂದು ಆಮೇಲೆ ಗೊತ್ತಾಯಿತು. ಇಷ್ಟು ವರ್ಷ ನನ್ನ ತೋಟಾ ಹೊಡೆದವನ ಅಭ್ಯಾಸ ಅದು.

ರಿವಾಲ್ವರ್ ಸರಿಯಾಗಿಯೇ ಹಾರಿತು. ಕಾರ್ಬೈನ್ ಎತ್ತಿ ಹೊಡೆದರೆ ಪುಸ್ ಅಂದಿತು. ಕಿವಿಗೆ ಬಿರಡೆ ಹಾಕಿದ್ದರೂ ನನಗೆ ಕೇಳಿಸಿತು. ರಿವಾಲ್ವರಿಗಿಂತ ಅಷ್ಟು ಉದ್ದದ ನಳಿಗೆ ದಾಟಿಸಲು ಆ ಮದ್ದು ಸಾಲದೆ ಗುಂಡು ಒಳಗೇ ಸಿಕ್ಕಿಕೊಂಡಿತ್ತು. ಬೆನ್ನಿಗೇ ಇನ್ನೊಂದು ಹಾರಿಸಿದರೆ ನಳಿಗೆ ಅವನ ಮುಖದೆದುರೇ ಸೀಳುತ್ತದೆ. ಅವನ ಕೈ ಆಗಲೇ ಮುಂದಿನ ತೋಟಾ ಏರಿಸಲು ಲಿವರ್ ಎಳೆದಿತ್ತು. ಹೊತ್ತು ಅಳೆಯಲು ಪಕ್ಕದಲ್ಲೇ ಗಡಿಯಾರ ಹಿಡಿದು ನಿಂತವನಿಗೂ ಹೊಳೆದಿರಲಿಲ್ಲ. "ಡ್ವೈಟ್, ನಿಲ್ಸು" ಅಂತ ಕೂಗಿದೆ. ನಿಲ್ಲಿಸಿದ. ಯಾಕೆಂದು ಕೇಳಲಿಲ್ಲ, ನಾನು ಹೇಳಿದೆನೆಂದು ನಿಲ್ಲಿಸಿದ.

ನಮ್ಮ ಟ್ರಕ್ಕಿನ ಹಿಂಭಾಗದಲ್ಲಿ ಬಂದೂಕು ಮಲಗಿಸಿ, ಖಾಲಿ ಮಾಡಿ, ಹಿತ್ತಾಳೆ ಸರಳಿನಿಂದ ತಟ್ಟಿ ಆ ಗುಂಡನ್ನು ನಾನೇ ಹೊರಗೆ ತೆಗೆದೆ. ಕೊರಿನ್ ಅಳುತ್ತ ಬಂದು ನಿಂತಳು.

"ಡಬ್ಬಿ ಮೇಲೆ ಬರೆದಿದ್ದೆ ಅರ್ಲೀನ್, ದೇವರಾಣೆಗೂ ಬರೆದಿದ್ದೆ."

ಬರೆದಿದ್ದಳು, ನಿಜ. "ಅವನು ಡಬ್ಬಿ ಓದೋ ಗಂಡಸಲ್ಲಮ್ಮ. ಅವನ ವಿಷಯ ನಿಂಗೆ ಗೊತ್ತಿಲ್ಲದ್ದು ಬೇಕಾದಷ್ಟಿದೆ" ಅಂದೆ. ನಾಲ್ಕು ಜನಕ್ಕೆ ಕೇಳಲಿ ಅಂತ ಸ್ವಲ್ಪ ಜೋರಾಗಿಯೇ ಅಂದೆ. ಡ್ವೈಟ್ ಎರಡೂ ಡಬ್ಬಿಗಳನ್ನು ಅವಳಿಗೆ ವಾಪಸು ಕೊಟ್ಟ. ಸುಳ್ಳು ಯಾಕೆ ಹೇಳಲಿ, ಆ ಗಳಿಗೆ ನನಗೆ ಹಬ್ಬವಾಗಿತ್ತು.

ನಿನ್ನ ಮಂಡಿ ನೋವು ಬೇಗ ಇಳಿಯಲಿ. ಮಗು ಹೊಟ್ಟೆ ತುಂಬ ಉಂಡು ಬೆಳೆಯಲಿ. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಅರ್ಲೀನ್

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದೆ. ಅಂದು ಮನೆಗೆ ಬರುವಾಗ ಅವನು ಎಡಗೈಯಲ್ಲೇ ಟ್ರಕ್ ಓಡಿಸುತ್ತಿದ್ದ. ಬಲ ಮಣಿಕಟ್ಟು ಎರಡು ವರ್ಷದಿಂದ ನೋಯುತ್ತಿದೆಯಂತೆ. ರಿವಾಲ್ವರಿನಲ್ಲಿ ನನ್ನ ತೋಟಾ ಹಾರಿಸಿದಾಗಲೆಲ್ಲ ಅದರ ಒದೆತಕ್ಕೆ ಮೊಣಕೈವರೆಗೆ ಜೀವ ಹೋಗುತ್ತಿತ್ತಂತೆ. ತೋಟಾದ ಮದ್ದು ಇಳಿಸಲು ನನಗೆ ಒಂದು ಸಂಜೆ ಸಾಕಿತ್ತು. "ನಂಗ್ಯಾಕೆ ಹೇಳ್ಲಿಲ್ಲ?" ಅಂದೆ. "ಆ ತೋಟಾ ಅಂದ್ರೆ ನಿಂಗೆ ಎಷ್ಟು ಹೆಮ್ಮೆ. ಹೆಂಗೆ ಹೇಳ್ಲಿ" ಅಂದ. ಕೊರಿನ್‌ಗೂ ಅವನು ಹೇಳಿರಲಿಲ್ಲ, ಮೇವಿಸ್. ಮೊದಲ ದಿನವೇ ಅವನು ಕಾಫಿ ಲೋಟ ಎತ್ತಿದ್ದು ನೋಡಿ, ಕೈಗೆ ಏನಾಗಿದೆ ಅಂತ ಅವಳೇ ಕೇಳಿದಳಂತೆ. ಆ ಕೈಗೆ ದಿನಾ ಬೆಳಿಗ್ಗೆ ಕಾಫಿ ಕೊಡುವವಳು ನಾನು.