ಆರು ನೀಲಿ ತಗಡುಗಳು

ಎರ್ಮಾಳು
14 ಸೆಪ್ಟೆಂಬರ್ 2006

ಪ್ರೀತಿಯ ಮಗಳು ಚೈತಾಲಿಗೆ,

ದೇವದಾಸ ಮಾವನ ಆಶೀರ್ವಾದ. ತರಬೇತಿಗೆಂದು ಹೋದ ಪುಣೆಯ ನೀರು ಗಂಟಲಿಗೆ ಆಗುವುದಿಲ್ಲ ಎಂದು ನೀನು ಹೇಳಿದ್ದೆ, ಈಗ ಹೇಗುಂಟು? ಕಾಯಿಸಿ ಕುಡಿ. ಮೆಸ್ಸಿನಲ್ಲಿ ಮೀನಿಲ್ಲವೆಂದು ಊಟ ಬಿಡಬೇಡ. ಇಲ್ಲಿ ನಿನ್ನ ಅಮ್ಮ ಕ್ಷೇಮ. ಕುಶಲಾ ಅತ್ತೆಯ ಮಂಡಿನೋವು ಸ್ವಲ್ಪ ಕಡಿಮೆ, ಬಾಯಿ ಮಾತ್ರ ಮೊದಲಿನಷ್ಟೇ ಗಟ್ಟಿ. ದೋಣಿಗಳು ಕಡಲಿಗೆ ಇಳಿದಿವೆ. ಈ ವರ್ಷ ಏಳು ದೋಣಿಗಳಿಗೆ ಬಣ್ಣ ಬಳಿದೆ. ಗುಣಪಾಲನ ದೋಣಿಗೆ ಹೋದ ವರ್ಷ ಬಳಿದ ನೀಲಿಯೆಲ್ಲ ಬೂದಿಯಾಗಿತ್ತು. ಬಿಸಿಲು, ಉಪ್ಪು ಎರಡೂ ಸೇರಿದರೆ ಯಾವ ಕಂಪೆನಿಯ ಬಣ್ಣವೂ ನಿಲ್ಲುವುದಿಲ್ಲ.

ನೀನು ಫೋನಿನಲ್ಲಿ "ತಗಡು ಹೇಗುಂಟು ಮಾವಾ?" ಎಂದಾಗಲೆಲ್ಲ ನಾನು "ಉಂಟು, ಉಂಟು" ಎಂದು ಮಾತು ಹಾರಿಸಿದೆ. ತಗಡು ಉಂಟು ಮಗಳೇ, ನೀಲಿ ಇಲ್ಲ. ಬಾಯಿಬಿಟ್ಟು ಹೇಳಲು ಧೈರ್ಯ ಬಾರದೆ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ನೀನು ಕೊಟ್ಟ ಆರು ನೀಲಿ ತಗಡುಗಳನ್ನು ನಾನು ಒಂದೇ ಚೌಕಟ್ಟಿಗೆ ಬಡಿದು, ಗುಣಪಾಲನ ಬಲೆಯ ಶೆಡ್ಡಿನ ಹೊರಗೆ ಕಡಲಿನ ಕಡೆಯ ಗೋಡೆಗೆ ತೂಗುಹಾಕಿದ್ದೆ. ಇದರಲ್ಲಿ ಬಣ್ಣದ ಪುಡಿಯೇ ಇಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಗುಂಡುಗಳು ಒತ್ತೊತ್ತಾಗಿ ಕೂತಿವೆ, ಗುಂಡುಗಳೂ ನಡುವಿನ ಸಂದಿಗಳೂ ಸೇರಿ ಬೆಳಕನ್ನು ನೀಲಿಯಾಗಿ ಹಿಂದಕ್ಕೆ ಕಳಿಸುತ್ತವೆ ಎಂದು ನೀನು ಹೇಳಿದೆ. ನಲವತ್ತು ವರ್ಷ ಬ್ರಷ್ಷು ಹಿಡಿದವನು ನಾನು, ನಗು ಬಂತು. ಆಮೇಲೆ ನೆನಪಾಯಿತು. ಐದನೇ ಕ್ಲಾಸಿನಲ್ಲಿರುವಾಗ ನೀಲಿ ಶಾಯಿ ಮಾಡುತ್ತೇನೆಂದು ನೀನು ಮಿಂಚುಳ್ಳಿಯ ಗರಿಯನ್ನು ಅತ್ತೆಯ ಕಡೆಯುವ ಕಲ್ಲಿನಲ್ಲಿ ಹಾಕಿ ಕಡೆದಿದ್ದೆ. ಬಂದದ್ದು ಕಂದು ಹುಡಿ. "ನೀಲಿ ಎಲ್ಲಿ ಹೋಯಿತು ಮಾವಾ?" ಎಂದು ಅತ್ತಿದ್ದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಕಲ್ಲು ತೊಳೆದಿಟ್ಟೆ. ಉತ್ತರವನ್ನು ನೀನೇ ಹುಡುಕಿಕೊಂಡು ಹೋದೆ.

"ಮುಟ್ಟಬೇಡಿ, ಬೆರಳು ತಾಗಿದರೂ ಹುಡಿ ಉದುರುತ್ತದೆ" ಎಂದು ನೀನು ಹೇಳಿಯೇ ಹೋಗಿದ್ದೆ. ಒಂದು ಮಳೆಗಾಲ ನಿಲ್ಲದ ಬಣ್ಣವಾದರೆ ಬೇರೆ ವಿಷಯ ನೋಡು ಎಂದು ಮಣಿಪಾಲದ ನಿನ್ನ ಪಿಎಚ್.ಡಿ. ಗೈಡ್ ಹೇಳಿದ್ದೂ ನನಗೆ ಗೊತ್ತಿತ್ತು. ಜುಲೈ ಗಾಳಿಗೆ ಮೊದಲನೆಯ ತಗಡು ಬೋಳಾಯಿತು, ವಾರದೊಳಗೆ ಎರಡನೆಯದು. ನೋಡುತ್ತ ಕೂರಲಾಗಲಿಲ್ಲ. ದೋಣಿಯ ಹಲಗೆ ಕೊಳೆಯದಂತೆ ಹಚ್ಚುವ ಗೇರುಸಿಪ್ಪೆಯ ಎಣ್ಣೆ ಇತ್ತು, ಗೇರುಬೀಜದ ಕಾರ್ಖಾನೆಗೆ ಹೋಗುವ ದೇಜಪ್ಪ ಕಾರ್ಕಳದಿಂದ ತಂದುಕೊಟ್ಟದ್ದು. ಮರ ಉಳಿಸುವ ಎಣ್ಣೆ ಇದನ್ನೂ ಉಳಿಸೀತು ಎಂದು ಉಳಿದ ನಾಲ್ಕಕ್ಕೂ ಬಳಿದೆ. ಕಣ್ಣೆದುರೇ ನೀಲಿ ಮಾಯವಾಯಿತು. ಎಣ್ಣೆ ಹೋಗಿ ಸಂದಿಗಳಲ್ಲಿ ತುಂಬಿರಬೇಕು. "ಅಂದು ಮಗು ಗರಿ ಕಡೆಯಿತು, ಇಂದು ಮಾವ ತಗಡು ಕಡೆದರು" ಎಂದಳು ನಿನ್ನ ಅತ್ತೆ. ಆಮೇಲೆ ನಾನು ಆ ಗೋಡೆಯ ಕಡೆ ಹೋಗಲಿಲ್ಲ.

ತಪ್ಪು ಮಾವನದ್ದು, ಬಣ್ಣದ್ದಲ್ಲ ಎಂದು ಗೈಡಿಗೆ ಹೇಳು. ಬೇಕಾದರೆ ನಾನೇ ಮಣಿಪಾಲಕ್ಕೆ ಬಂದು ಹೇಳುತ್ತೇನೆ. ನೀನು ಮಾತ್ರ ವಿಷಯ ಬಿಡಬೇಡ. ಹತ್ತು ವರ್ಷದ ಹುಡುಗಿ ಕೇಳಿದ ಪ್ರಶ್ನೆ ಅದು.

ಅಮ್ಮನೂ ಅತ್ತೆಯೂ ನಿನ್ನನ್ನು ಬಹಳ ನೆನೆಯುತ್ತಾರೆ. ದೇವರು ನಿನ್ನ ಕೈಗೆ ಬಲ ಕೊಡಲಿ.

ನಿನ್ನ ಮಾವ,
ದೇವದಾಸ

ತಾ. ಕ. ಲಕೋಟೆ ಅಂಟಿಸುವ ಮೊದಲೇ ಬರೆಯುತ್ತಿದ್ದೇನೆ. ನಿನಗೆ ಕೊರಿಯರ್ ಮಾಡೋಣವೆಂದು ಅತ್ತೆ ಚೌಕಟ್ಟು ಇಳಿಸಿ ತಂದಳು. ಆರನೆಯ ತಗಡು ನೀಲಿಯಾಗಿ ಉಂಟು, ನೀನು ಕೊಟ್ಟದ್ದಕ್ಕಿಂತ ಗಾಢ. ಅದರ ಸರದಿ ಬರುವಾಗ ಗೇರೆಣ್ಣೆ ಮುಗಿದಿತ್ತು. ಗೇರೆಣ್ಣೆಯ ಬ್ರಷ್ಷು ತೊಳೆದು ಡಬ್ಬದಲ್ಲಿ ಉಳಿದಿದ್ದ ಚಿಮಿಣಿ ಎಣ್ಣೆಯನ್ನೇ (ಸೀಮೆಎಣ್ಣೆ) ಒಂದು ಸಲ ಎಳೆದಿದ್ದೆ. ಅಂದು ಅದೂ ಮಾಸಿದ್ದು ನಿಜ, ಒಣಗಿದ ಮೇಲೆ ಮರಳಿ ಬಂದಿರಬೇಕು. ಎರಡು ತಿಂಗಳ ಮಳೆ ತಿಂದಿದೆ. ನಾನು ಹೆಬ್ಬೆರಳಲ್ಲಿ ಉಜ್ಜಿದೆ, ಅತ್ತೆ ತೆಂಗಿನ ನಾರು ತಂದು ಮೀನಿನ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದಳು. ಹುಡಿ ಏಳಲಿಲ್ಲ. ಗುಂಡುಗಳು ಒಂದಕ್ಕೊಂದು ಅಂಟಿ, ಸಂದಿ ಮಾತ್ರ ಹಾಗೆಯೇ ಉಳಿಯಿತೋ ಎಂತದೋ, ನೀನೇ ನೋಡು. ಆ ಡಬ್ಬ ತೊಳೆಯದೆ ಇಟ್ಟಿದ್ದೇನೆ. ಮಣಿಪಾಲಕ್ಕೆ ಹೋಗುವ ಮೊದಲು ಇಲ್ಲಿಗೆ ಬಾ, ಹೊಸ ತಗಡುಗಳನ್ನು ತಾ. ಎಷ್ಟು ಚಿಮಿಣಿ ಎಣ್ಣೆಗೆ ಎಷ್ಟು ಗೇರೆಣ್ಣೆ ಎಂದು ಅಳತೆ ಗೊತ್ತಿಲ್ಲ, ಕೈಗೆ ಗೊತ್ತುಂಟು. ಈ ಸಲ ಮಾತ್ರ ಮುಟ್ಟಬೇಡಿ ಎನ್ನಬೇಡ.