ಗಡಿಯ ಗೇಟಿನಲ್ಲಿ ಸಿಕ್ಕ ಮನೆಸುದ್ದಿ

ಆಗಸ್ಟ್ ೯, ಶುಕ್ರವಾರ

ನನ್ನ ಮನೆಯ ಸುದ್ದಿಯನ್ನು ಗಡಿ ಕಾಯುವವನ ಬಾಯಿಂದ ಕೇಳಬೇಕಾಯಿತಲ್ಲ, ಅದೇ ಚುಚ್ಚುತ್ತಿದೆ.

ಬೆಳಗಿನಿಂದ ಒಂದೇ ಸಮನೆ ಮಳೆ. ಉತ್ತರಕ್ಕೆ ಹೋದಂತೆ ಊರುಗಳು ಮುಗಿದು ವೈಪರಿನ ಸದ್ದೊಂದೇ ಉಳಿಯಿತು. ಸರೋವರ ತೋರಿಸುತ್ತೇನೆ ಎಂದು ಕರೆತಂದಿದ್ದರು ಇವರು. ಮದುವೆಯಾದ ಮೇಲೆ ಮೊದಲ ಪ್ರವಾಸ. ನಾನೂ ಹೊಸ ಸ್ವೆಟರ್ ಹಾಕಿಕೊಂಡು ಕುಣಿಯುತ್ತ ಹೊರಟೆ.

ಗಡಿಯ ಗೇಟಿನಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಯಾಕೆ ಬಂದಿರಿ ಎಂದು ಕೇಳುತ್ತಾರೆ. ಇಬ್ಬರ ಮಾತೂ ತಾಳೆಯಾದರೆ ಮಾತ್ರ ಮುಂದಕ್ಕೆ ದಾರಿ. ನಾನು ಸರೋವರ ನೋಡಲು ಎಂದೆ. ಕಾವಲಿನವನು ಹುಬ್ಬೇರಿಸಿದ.

"ನಿಮ್ಮ ಯಜಮಾನ್ರು ಬೇರೆ ಹೇಳಿದ್ರಲ್ಲಮ್ಮ? ಇಲ್ಲಿಗೇ ವರ್ಗ ಆಗಿದೆ, ಮನೆ ನೋಡೋಕೆ ಬಂದಿದೀವಿ ಅಂದ್ರು."

"ಹೌದು, ಅದೂ ಇದೆ. ಮರೆತೇಬಿಟ್ಟೆ" ಎಂದು ಹಲ್ಲುಕಿರಿದೆ. ಗೇಟು ತೆರೆಯಿತು.

"ನಿಂಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ ಕಣೇ" ಎಂದರು ಕಾರಿನಲ್ಲಿ. ನನ್ನೆದುರು ತುಟಿ ಪಿಟಕ್ಕೆನ್ನದವರಿಗೆ ಅವನೆದುರು ಸರಾಗವಾಗಿ ಬಾಯಿ ಬಂದಿತ್ತು. ನನ್ನ ಹೊಲಿಗೆಯಂಗಡಿಗೆ ಬೋರ್ಡು ಬರೆಸಿ ಇನ್ನೂ ತಿಂಗಳಾಗಿಲ್ಲ.

ಮಂಜಿನಲ್ಲಿ ಸರೋವರವೂ ಕಾಣಲಿಲ್ಲ.

"ಬಿಡು, ಇನ್ನೊಂದಿನ ನೋಡಿದ್ರಾಯ್ತು" ಎಂದರು.

ನೋಡಿದರಾಯಿತು. ಇನ್ನು ಇಲ್ಲಿ ದಿನಗಳಿಗೇನು ಬರ.