ಗಟ್ಟಿ ಶಾಕ್ ಅಬ್ಸಾರ್ಬರ್

ಮಾರ್ಚ್ 9, ಭಾನುವಾರ

ತಲೆ ಕೆಟ್ಟುಹೋಗಿದೆ. ನಮ್ಮ ಹಳೆಯ ಕನ್ವರ್ಟಿಬಲ್ ಕಾರು ತಿರುವುಗಳಲ್ಲಿ ತೊಟ್ಟಿಲಿನಂತೆ ಓಲಾಡುತ್ತದೆಂದು ನಿನ್ನೆ ಗಟ್ಟಿ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಓಲಾಟವೇನೋ ನಿಂತಿತು. ಆದರೆ ಮೈಯನ್ನು ಮೇಲಿನಿಂದ ಬಿಗಿಹಿಡಿಯಲು ಚಾವಣಿಯೇ ಇಲ್ಲದ ಗಾಡಿ. ಸಣ್ಣ ಗುಂಡಿ ಸಿಕ್ಕರೂ ಮುಂದಿನ ಗಾಜು, ಬಾಗಿಲುಗಳೆಲ್ಲ ಗಡಗಡ ಅದುರುತ್ತವೆ. ಇದನ್ನು ಮೊದಲೇ ಯೋಚಿಸಬೇಕಿತ್ತು.

ಪ್ರತಿ ಭಾನುವಾರ ಸುತ್ತಾಡಲು ಹೊರಟರೆ ಊರು ದಾಟುವಷ್ಟರಲ್ಲಿ ನಿದ್ದೆಹೋಗುತ್ತಿದ್ದ ಹೆಂಡತಿ ಇಂದು ಬಾಗಿಲು ಹಿಡಿದುಕೊಂಡೇ ಕೂತಿದ್ದಳು.

"ಕಾರಿಗೆ ಬುದ್ಧಿ ಕಲಿಸೋಕೆ ಹೋಗಿ ನನ್ನ ಸೊಂಟ ಮುರಿದ್ರಿ. ಮುಂದಿನ ವಾರ ನೀವೊಬ್ರೇ ಹೋಗ್ಬನ್ನಿ" ಎಂದಳು.

ಒಬ್ಬನೇ ಹೋಗುವುದಕ್ಕೆ ಆ ಕಾರು ಯಾಕೆ? ಬಿಚ್ಚಿದ ಹಳೆಯ ಶಾಕ್ ಅಬ್ಸಾರ್ಬರ್‌ಗಳನ್ನು ಗುಜರಿಗೆ ಹಾಕಿ ಎಂದು ಗ್ಯಾರೇಜಿನಲ್ಲಿ ನಾನೇ ಹೇಳಿ ಬಂದಿದ್ದೇನೆ. ಬೆಳಿಗ್ಗೆ ಅವರು ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲಬೇಕು. ಇನ್ನೂ ಅಲ್ಲೇ ಮೂಲೆಯಲ್ಲಿ ಬಿದ್ದಿದ್ದರೆ...